ಅಕ್ಕಪಕ್ಕದ ದೇಶಗಳ ಸಂಸತ್ತುಗಳು ಒಂದಕ್ಕೊಂದು ಹೆಗಲು ಕೊಡೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳ ಸಂಸತ್ತುಗಳು ಎಸ್‌ಎಡಿಸಿ ಪಾರ್ಲಿಮೆಂಟರಿ ಫೋರಂ ಅನ್ನೋ ವೇದಿಕೆಯಲ್ಲಿ ಒಟ್ಟಿಗೆ ಸೇರಿ ಮಾಡ್ತಿರೋ ಕೆಲಸದ ಬಗ್ಗೆ ಮಾತು ಬಂದಾಗೆಲ್ಲ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ಅದಕ್ಕೇ ಎಲ್ಲಾನೂ ಒಂದ್ಕಡೆ ಬರೆದಿಡೋಣ ಅನ್ನಿಸ್ತು. ವಿಷಯ ಒಣ ಅನ್ಸಬಹುದು, ಆದ್ರೆ ಇದ್ರಲ್ಲಿ ಹದಿನೈದು ವರ್ಷದ ಹುಡುಗಿಯ ಮದುವೆ ನಿಲ್ಲೋ ವಿಷಯಾನೂ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಸಂಸತ್ತನ್ನ ಬಲಪಡಿಸೋದು ಅಂದ್ರೆ ಏನು? ಅದು ಆಗ್ಲೇ ದೇಶದ ಅತಿ ದೊಡ್ಡ ಸಂಸ್ಥೆ ಅಲ್ವಾ?

ಪುಸ್ತಕದಲ್ಲಿ ದೊಡ್ಡದು, ನಿಜ. ಆದ್ರೆ ಒಬ್ಬ ಹೊಸ ಎಂಪಿಯ ಜಾಗದಲ್ಲಿ ನಿಂತು ನೋಡಿ. ಬಜೆಟ್ ದಿನ ಕೈಗೆ ಕಟ್ಟುಗಟ್ಟಲೆ ಪುಸ್ತಕ ಬರುತ್ತೆ, ಅದನ್ನ ತಯಾರು ಮಾಡಿದ್ದು ಇಡೀ ಹಣಕಾಸು ಇಲಾಖೆ, ತಿಂಗಳುಗಟ್ಟಲೆ ಕೂತು. ಅದನ್ನ ಓದಿ ಪ್ರಶ್ನೆ ಕೇಳ್ಬೇಕಾದವರಿಗೆ ಸಿಗೋದು ಕೆಲವೇ ದಿನ, ಜೊತೆಗಿರೋದು ಒಬ್ಬ ಪಿಎ, ಆ ಪಿಎ ಬೆಳಗಿಂದ ಸಂಜೆವರೆಗೂ ಊರಿಂದ ಬಂದವರ ವರ್ಗಾವಣೆ ಅರ್ಜಿ, ಆಸ್ಪತ್ರೆ ಪತ್ರ ನೋಡ್ಕೊಳ್ತಿರ್ತಾನೆ. 2024ರ ಲೋಕಸಭೆಗೆ ಮೊದಲ ಸಲ ಗೆದ್ದು ಬಂದವರೇ 280 ಜನ. ಅಂದ್ರೆ ಅರ್ಧಕ್ಕಿಂತ ಜಾಸ್ತಿ. ಅವರಿಗೆ ಸದನದ ನಿಯಮ ಯಾರು ಹೇಳ್ಕೊಡ್ಬೇಕು, ಬಿಲ್‌ಗೆ ತಿದ್ದುಪಡಿ ಬರೆಯೋದು ಹೇಗೆ, ಸಮಿತಿಯಲ್ಲಿ ಕಾರ್ಯದರ್ಶಿ ಮಟ್ಟದ ಅಧಿಕಾರಿನ ಕೂರಿಸ್ಕೊಂಡು ಏನು ಕೇಳ್ಬೇಕು?

ಇದನ್ನೆಲ್ಲ ಕಲಿಸೋ ವ್ಯವಸ್ಥೆ, ಸದಸ್ಯರ ಹಿಂದೆ ನಿಲ್ಲೋ ಸಂಶೋಧಕರು, ಬಿಲ್ ಕರಡು ಬರೆಯೋರು, ಲೈಬ್ರರಿ, ಲೆಕ್ಕ ಬಿಡಿಸಿ ಹೇಳೋರು, ಇವೆಲ್ಲ ಗಟ್ಟಿಯಾದ್ರೆ ಸಂಸತ್ತು ಗಟ್ಟಿಯಾದ ಹಾಗೆ. ನನ್ನ ಪ್ರಕಾರ ಇಡೀ ವಿಷಯದ ಮೂಳೆ ಇದೇ. ಸದಸ್ಯರು ಐದು ವರ್ಷಕ್ಕೊಮ್ಮೆ ಬದಲಾಗ್ತಾರೆ, ಹಿಂದೆ ನಿಂತಿರೋ ವ್ಯವಸ್ಥೆ ಉಳಿಯುತ್ತೆ.

ಸರಿ, ಅದಕ್ಕೆ ಪಕ್ಕದ ದೇಶ ಯಾಕೆ ಬೇಕು? ಅವರವರ ಸಂಸತ್ತನ್ನ ಅವರವರು ಸರಿ ಮಾಡ್ಕೊಳ್ಳಲಿ.

ಮಾಡ್ಕೊಳ್ಬಹುದು, ಆದ್ರೆ ಸಣ್ಣ ದೇಶಕ್ಕೆ ಕಷ್ಟ. ಪೆಸಿಫಿಕ್ ಸಾಗರದ ಟುವಾಲು ಸಂಸತ್ತಲ್ಲಿ ಇರೋದೇ 16 ಸದಸ್ಯರು, ಇಡೀ ದೇಶದ ಜನಸಂಖ್ಯೆ ನಮ್ಮ ಬೆಂಗಳೂರಿನ ಒಂದು ಬಡಾವಣೆಯಷ್ಟೂ ಇಲ್ಲ. ಅಲ್ಲಿ ಬಜೆಟ್ ತಜ್ಞರು, ಕಾನೂನು ಕರಡು ತಜ್ಞರು, ಸಂಶೋಧಕರು ಅಂತ ಬೇರೆ ಬೇರೆ ಇಲಾಖೆ ತೆರೆಯೋಕೆ ಆಗಲ್ಲ.

ಇನ್ನೊಂದು ಕಾರಣ ಅಂದ್ರೆ ಶ್ರೀಮಂತ ದೇಶದಿಂದ ಬಂದ ತಜ್ಞರು ಹೇಳೋದು ಅವರ ಮನೆಗೆ ಸರಿ ಹೋಗೋ ಔಷಧಿ. ಜಾಂಬಿಯಾದ ಒಬ್ಬ ಸಂಸತ್ ಗುಮಾಸ್ತನಿಗೆ ಮಲಾವಿಯ ಗುಮಾಸ್ತ ಹೇಳೋ ಅನುಭವ ಬೇಗ ತಲೆಗೆ ಹತ್ತುತ್ತೆ, ಯಾಕಂದ್ರೆ ಇಬ್ಬರದ್ದೂ ಬ್ರಿಟಿಷರ ಕಾಲದಿಂದ ಬಂದ ಸದನ ಪದ್ಧತಿ, ಇಬ್ಬರ ಊರಲ್ಲೂ ಸರ್ಕಾರಿ ಕಾನೂನಿನ ಜೊತೆಗೆ ಮುಖಂಡರ ಸಂಪ್ರದಾಯದ ಕಟ್ಟಳೆ ನಡೀತಿದೆ, ಇಬ್ಬರಿಗೂ ದುಡ್ಡಿನ ಕೊರತೆ. ಜೊತೆಗೆ ನದಿ, ಕಾಯಿಲೆ, ಕೂಲಿ ಹುಡುಕ್ಕೊಂಡು ಹೋಗೋ ಜನ, ಇವ್ಯಾವೂ ಗಡಿ ನೋಡಲ್ಲ.

ಈ ಎಸ್‌ಎಡಿಸಿ ಪಾರ್ಲಿಮೆಂಟರಿ ಫೋರಂ ಅಂದ್ರೆ ಯಾವುದು?

ಎಸ್‌ಎಡಿಸಿ ಅಂದ್ರೆ ದಕ್ಷಿಣ ಆಫ್ರಿಕಾ ಭಾಗದ ಅಭಿವೃದ್ಧಿ ಒಕ್ಕೂಟ, ಎಲ್ಲರೂ ಸ್ಯಾಡೆಕ್ ಅಂತಲೇ ಕರೆಯೋದು. 1980ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ 1992ರ ಒಪ್ಪಂದದಲ್ಲಿ ಈಗಿನ ರೂಪ ಬಂತು. ಅಂಗೋಲಾ, ಬೋಟ್ಸ್ವಾನಾ, ಜಾಂಬಿಯಾ, ಜಿಂಬಾಬ್ವೆ, ಮೊಜಾಂಬಿಕ್, ತಾಂಜಾನಿಯಾ, ಮಾರಿಷಸ್ ಎಲ್ಲ ಸೇರಿ 16 ದೇಶ. ಆ ಒಕ್ಕೂಟದಲ್ಲಿ ಅಧ್ಯಕ್ಷರು, ಮಂತ್ರಿಗಳು, ಅಧಿಕಾರಿಗಳು ಸೇರಿ ನಿರ್ಧಾರ ತಗೊಳ್ತಿದ್ರು, ಜನಪ್ರತಿನಿಧಿಗಳಿಗೆ ಕೂರೋ ಜಾಗಾನೇ ಇರ್ಲಿಲ್ಲ. ಅದಕ್ಕೆ 1997ರಲ್ಲಿ ಮಲಾವಿಯ ಬ್ಲಾಂಟೈರ್ ಶೃಂಗಸಭೆಯಲ್ಲಿ ಈ ಫೋರಂಗೆ ಒಪ್ಪಿಗೆ ಸಿಕ್ತು, ಕಚೇರಿ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ. ಸದಸ್ಯ ದೇಶಗಳ ಸ್ಪೀಕರ್‌ಗಳು, ಎಂಪಿಗಳು ವರ್ಷಕ್ಕೆ ಎರಡು ಸಲ ಮಹಾಸಭೆ ಸೇರ್ತಾರೆ, ಮಧ್ಯೆ ಸಮಿತಿಗಳು ಕೆಲಸ ಮಾಡ್ತವೆ. ಇಂಗ್ಲಿಷ್, ಫ್ರೆಂಚ್, ಪೋರ್ಚುಗೀಸ್ ಮೂರು ಭಾಷೇಲೂ ನಡೆಸ್ಬೇಕು, ಅದೇ ಒಂದು ದೊಡ್ಡ ಖರ್ಚು.

ಅಲ್ಲಿ ಮಾಡಿದ ಕಾನೂನು ಎಲ್ಲಾ ದೇಶಕ್ಕೂ ಅನ್ವಯ ಆಗುತ್ತಾ?

ಇಲ್ಲ. ಇದನ್ನ ಬಹಳ ಜನ ತಪ್ಪು ತಿಳ್ಕೊಳ್ತಾರೆ. ಫೋರಂಗೆ ಶಾಸನ ಮಾಡೋ ಅಧಿಕಾರ ಇಲ್ಲ. ಪಕ್ಕದಲ್ಲೇ ಇರೋ ಪೂರ್ವ ಆಫ್ರಿಕಾ ಶಾಸನಸಭೆ ಬೇರೆ ಥರದ್ದು, ತಾಂಜಾನಿಯಾದ ಅರುಷಾದಲ್ಲಿ 2001ರಿಂದ ನಡೀತಿದೆ, ಪ್ರತಿ ದೇಶದ ಸಂಸತ್ತು ಒಂಬತ್ತು ಜನರನ್ನ ಆರಿಸಿ ಕಳಿಸುತ್ತೆ, ಅಲ್ಲಿ ಪಾಸಾಗಿ ದೇಶಗಳ ಮುಖ್ಯಸ್ಥರ ಸಹಿ ಬಿದ್ರೆ ಅದು ಕಾನೂನೇ, ಅಲ್ಲಿನ ಕಸ್ಟಮ್ಸ್ ಕಾನೂನು ಹಾಗೇ ಬಂದಿದ್ದು. ಸ್ಯಾಡೆಕ್ ಫೋರಂ ಅಷ್ಟು ದೂರ ಹೋಗಿಲ್ಲ. ಅದನ್ನ ಪೂರ್ತಿ ಪ್ರಾದೇಶಿಕ ಸಂಸತ್ತಾಗಿ ಬದಲಾಯಿಸೋಕೆ 2021ರ ಆಗಸ್ಟ್‌ನಲ್ಲಿ ಶೃಂಗಸಭೆ ಒಪ್ಪಿದೆ, ಆದ್ರೆ ಅದಕ್ಕೆ ಮೂಲ ಒಪ್ಪಂದಾನೇ ತಿದ್ಬೇಕು, ದೇಶಗಳು ಸಹಿ ಹಾಕ್ಬೇಕು, ಅನುಮೋದನೆ ಕೊಡ್ಬೇಕು, ಇವೆಲ್ಲ ಎತ್ತಿನ ಗಾಡಿ ವೇಗದಲ್ಲಿ ನಡೆಯೋ ಕೆಲಸ.

ಅಧಿಕಾರವೇ ಇಲ್ಲ ಅಂದ್ಮೇಲೆ ಏನು ಉಪಯೋಗ?

ಇಲ್ಲಿ ನಾನು ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ನಂಗೆ ಈ ವಿಷಯ ಹತ್ರ ಆಗಿದ್ದೇ ಇದ್ರಿಂದ.

ಫೋರಂ ಮಾಡೋದು ಮಾದರಿ ಕಾನೂನು. ಮೊಸರಿಗೆ ಹೆಪ್ಪು ಪಕ್ಕದ ಮನೆಯಿಂದ ತರ್ತೀವಲ್ಲ ಹಾಗೆ, ಹಾಲು ನಮ್ದೇ, ಪಾತ್ರೆ ನಮ್ದೇ, ಅರ್ಧ ಚಮಚ ಹೆಪ್ಪು ಮಾತ್ರ ಅವರದ್ದು. ಒಂದು ಸಮಸ್ಯೆಗೆ ಕಾನೂನು ಹೇಗಿರ್ಬೇಕು ಅಂತ ಎಲ್ಲಾ ದೇಶದ ಎಂಪಿಗಳು, ಕರಡು ತಜ್ಞರು ಕೂತು ಕಲಂ ಕಲಂ ಆಗಿ ಬರೀತಾರೆ, ಆಮೇಲೆ ಪ್ರತಿ ದೇಶ ತನಗೆ ಬೇಕಾದಷ್ಟು ತಗೊಂಡು ತನ್ನ ಸದನದಲ್ಲಿ ಪಾಸ್ ಮಾಡ್ಕೊಳ್ಳುತ್ತೆ.

2016ರ ಜೂನ್ 3ರಂದು ಅವರು ಬಾಲ್ಯವಿವಾಹದ ಮೇಲೆ ಮಾದರಿ ಕಾನೂನು ಅಂಗೀಕರಿಸಿದ್ರು. ಅದರ ಪೂರ್ತಿ ಹೆಸರಲ್ಲೇ ಎರಡು ಕೆಲಸ ಇದೆ, ಬಾಲ್ಯವಿವಾಹ ಕೊನೆಗಾಣಿಸೋದು, ಮತ್ತೆ ಈಗಾಗ್ಲೇ ಮದುವೆ ಆಗ್ಹೋಗಿರೋ ಮಕ್ಕಳನ್ನ ಕಾಪಾಡೋದು. ಈ ಎರಡನೇ ಭಾಗ ಬಹಳ ಮುಖ್ಯ. ವಯಸ್ಸು 18 ಅಂತ ಬರೆದುಬಿಟ್ರೆ ಮುಗೀತು ಅಂತ ನಾವು ಅಂದ್ಕೊಳ್ತೀವಿ, ಆದ್ರೆ ಹದಿನಾಲ್ಕಕ್ಕೆ ಮದುವೆಯಾಗಿ ಹದಿನಾರಕ್ಕೆ ಮಗು ಎತ್ಕೊಂಡಿರೋ ಹುಡುಗಿಗೆ ಆ ಮದುವೆ ರದ್ದಾದ್ರೆ ಅವಳ ಗತಿ ಏನು, ಮಗು ಯಾರ ಹತ್ರ ಇರ್ಬೇಕು, ಜೀವನಾಂಶ ಯಾರು ಕೊಡ್ಬೇಕು, ಅವಳು ಮತ್ತೆ ಶಾಲೆಗೆ ಹೋಗೋದು ಹೇಗೆ, ಆಸ್ತಿ ಏನು, ಇದನ್ನೆಲ್ಲ ಯೋಚನೆ ಮಾಡಿ ಬರೆದಿರೋದು ಅಪರೂಪ.

ಆ ಭಾಗದ ದೇಶಗಳಲ್ಲಿ ಆಗ ಕಾನೂನು ಚೂರುಚೂರಾಗಿತ್ತು. ಮಲಾವಿಯಲ್ಲಿ 2015ರ ಮದುವೆ ಕಾಯ್ದೆ 18 ಅಂತಿತ್ತು, ಆದ್ರೆ ಸಂವಿಧಾನದಲ್ಲಿ ಅಪ್ಪ ಅಮ್ಮ ಒಪ್ಪಿದ್ರೆ 15ಕ್ಕೂ ಆಗ್ಬಹುದು ಅನ್ನೋ ಕಿಂಡಿ ಹಾಗೇ ಉಳ್ಕೊಂಡಿತ್ತು, 2017ರ ಫೆಬ್ರವರಿಯಲ್ಲಿ ಸಂಸತ್ತು ಸಂವಿಧಾನ ತಿದ್ದಿ ಅದನ್ನ ಮುಚ್ಚಿತು. ಜಿಂಬಾಬ್ವೆಯಲ್ಲಿ ಚಿಕ್ಕ ವಯಸ್ಸಲ್ಲಿ ಮದುವೆಯಾಗಿದ್ದ ಇಬ್ಬರು ಹೆಣ್ಣುಮಕ್ಕಳೇ ಕೋರ್ಟಿಗೆ ಹೋದ್ರು, 2016ರ ಜನವರಿಯಲ್ಲಿ ಸಾಂವಿಧಾನಿಕ ನ್ಯಾಯಾಲಯ 18ಕ್ಕಿಂತ ಕಮ್ಮಿ ಆಗಲ್ಲ ಅಂದಿತು, ಸಂಸತ್ತು ಪೂರ್ತಿ ಕಾಯ್ದೆ ಮಾಡೋಕೆ 2022 ಆಯ್ತು. ಮೊಜಾಂಬಿಕ್ 2019ರಲ್ಲಿ ಕಾನೂನು ಮಾಡ್ತು. ಜಾಂಬಿಯಾ 2023ರಲ್ಲಿ ಸಂಪ್ರದಾಯದ ಮದುವೆಗಳಿಗೂ 18 ಕಡ್ಡಾಯ ಮಾಡ್ತು, ಅದು ಸಣ್ಣ ವಿಷಯ ಅಲ್ಲ, ಸಂಪ್ರದಾಯದ ಮದುವೆಗೆ ಕೈ ಹಾಕೋಕೆ ರಾಜಕಾರಣಿಗಳು ಎಲ್ಲಾ ಕಡೆ ಹೆದರ್ತಾರೆ.

ಇದೆಲ್ಲ ಫೋರಂ ಒಂದ್ರಿಂದಲೇ ಆಯ್ತು ಅಂತ ನಾನು ಹೇಳಲ್ಲ, ಹಾಗೆ ಹೇಳಿದ್ರೆ ಕೋರ್ಟಿಗೆ ಹೋದ ಹುಡುಗಿಯರಿಗೆ, ಮಲಾವಿಯ ದೆಡ್ಜಾ ಜಿಲ್ಲೆಯಲ್ಲಿ ನೂರಾರು ಬಾಲ್ಯವಿವಾಹ ಮುರಿಸಿ ಮಕ್ಕಳನ್ನ ಶಾಲೆಗೆ ಕಳಿಸಿದ ಮುಖ್ಯಸ್ಥೆ ಥೆರೆಸಾ ಕಚಿಂಡಮೊಟೊ ಥರದವರಿಗೆ ಅನ್ಯಾಯ ಆಗುತ್ತೆ. ಆದ್ರೆ ಒಬ್ಬ ಎಂಪಿ ತನ್ನ ಸದನದಲ್ಲಿ ಎದ್ದು ನಿಂತಾಗ ಇದು ಹೊರಗಿನವರು ಹೇರಿದ್ದು ಅಂತ ಬಾಯಿ ಮುಚ್ಚಿಸೋಕೆ ಬಂದವರಿಗೆ, ಇಲ್ಲ ಸ್ವಾಮಿ ಇದು ನಾವು ನೆರೆಯವರೆಲ್ಲ ಕೂತು ಬರೆದಿದ್ದು, ನಮ್ಮ ಸ್ಪೀಕರ್ ಕೂಡ ಅಲ್ಲಿದ್ರು ಅಂತ ಹೇಳೋಕೆ ಆಗುತ್ತಲ್ಲ, ಆ ಬಲ ದೊಡ್ಡದು.

ಕರ್ನಾಟಕಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ನೇರ ಸಂಬಂಧ ಇಲ್ಲ, ಆದ್ರೆ ಅದೇ ವರ್ಷಗಳಲ್ಲಿ ನಮ್ಮಲ್ಲೂ ಇಂಥದ್ದೇ ನಡೀತು. ಕೇಂದ್ರದ 2006ರ ಕಾಯ್ದೆ ಪ್ರಕಾರ ಬಾಲ್ಯವಿವಾಹ ಆಗ್ಹೋದ್ರೆ ಅದು ತಾನಾಗೇ ರದ್ದಾಗಲ್ಲ, ಆ ಹುಡುಗಿನೋ ಹುಡುಗಾನೋ ಕೋರ್ಟಿಗೆ ಹೋಗಿ ರದ್ದು ಮಾಡಿಸ್ಕೋಬೇಕು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ಕೊಟ್ಟ ವರದಿ ಆಧಾರದ ಮೇಲೆ ಕರ್ನಾಟಕ ಇದಕ್ಕೆ ತಿದ್ದುಪಡಿ ತಂದು 2017ರಲ್ಲಿ ಜಾರಿ ಮಾಡ್ತು, ಇನ್ಮೇಲೆ ಆಗೋ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಅಂತ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಲ್ಲಿ ಬೇರೆ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿಯೋದು ಜಾಣತನ ಅನ್ನೋ ಅರ್ಥದ ಮಾತು ಹೇಳ್ತು, ಹರಿಯಾಣ ಆಮೇಲೆ ತನ್ನದೇ ತಿದ್ದುಪಡಿ ತಂತು. ಒಂದು ಸದನದ ಕೆಲಸ ಇನ್ನೊಂದು ಸದನಕ್ಕೆ ದಾರಿ ಆಗೋದು ಅಂದ್ರೆ ಇದೇ. ನಮ್ಮ ಶಾಸನಸಭೆ ಮಾಡಿದ ಈ ಕೆಲಸದ ಬಗ್ಗೆ ನಮ್ಮವರೇ ಎಷ್ಟು ಕಮ್ಮಿ ಮಾತಾಡ್ತಾರೆ ಅಂತ ನೆನೆಸ್ಕೊಂಡ್ರೆ ಬೇಜಾರಾಗುತ್ತೆ.

ಒಂದು ದೇಶದ ಒಳಗಿನ ವಿಷಯಕ್ಕೆ ಬೇರೆಯವರು ತಲೆ ಹಾಕಿದ ಹಾಗೆ ಆಗಲ್ವಾ?

ಸರ್ಕಾರಗಳಿಗೆ ಹಾಗನ್ಸುತ್ತೆ, ಕೆಲವು ಸಲ ಜೋರಾಗೇ ಅನ್ಸುತ್ತೆ. ಫೋರಂ 2001ರಲ್ಲಿ ಚುನಾವಣೆ ಹೇಗಿರ್ಬೇಕು ಅಂತ ಮಾನದಂಡ ಬರೀತು. ಮರುವರ್ಷ ಜಿಂಬಾಬ್ವೆ ಅಧ್ಯಕ್ಷ ಚುನಾವಣೆಗೆ ವೀಕ್ಷಕರಾಗಿ ಹೋದ ಫೋರಂನ ಎಂಪಿಗಳು, ಈ ಚುನಾವಣೆ ನಮ್ಮ ಮಾನದಂಡಕ್ಕೆ ಸರಿಯಾಗಿ ಹೊಂದಲ್ಲ ಅಂತ ಹೇಳಿದ್ರು. ಆಫ್ರಿಕಾದ ಬೇರೆ ಹಲವು ತಂಡಗಳು ಸರಿಯಾಗೇ ಇದೆ ಅಂತ ಹೇಳ್ತಿದ್ದಾಗ ನೆರೆಮನೆಯವರೇ ಹೀಗಂದಿದ್ದು. 2005ರ ಚುನಾವಣೆಗೆ ಜಿಂಬಾಬ್ವೆ ಫೋರಂನ ಕರೀಲೇ ಇಲ್ಲ.

ಅಂದ್ರೆ ಬೆಲೆ ತೆರ್ಬೇಕಾಯ್ತು. ಆದ್ರೂ ಆ ಎಂಪಿಗಳು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ಹೋಗಿ ನೋಡಿ ಸುಳ್ಳು ಹೇಳೋದಾದ್ರೆ ಹೋಗೋದೇ ಬೇಡ.

ಬಜೆಟ್ ವಿಷಯದಲ್ಲಿ ಏನು ಮಾಡ್ತಾರೆ?

ಆಫ್ರಿಕಾದಿಂದ ನಾವೇ ಕಲೀಬೇಕಾದ ಪಾಠ ಇದು. ಉಗಾಂಡಾದಲ್ಲಿ ಬಿಯಾಟ್ರಿಸ್ ಕಿರಾಸೋ ಅನ್ನೋ ಎಂಪಿ ಖಾಸಗಿ ಸದಸ್ಯರ ಮಸೂದೆಯಾಗಿ, ಅಂದ್ರೆ ಮಂತ್ರಿ ಅಲ್ಲದ ಸದಸ್ಯರು ತರೋ ಮಸೂದೆಯಾಗಿ, ಬಜೆಟ್ ಬಿಲ್ ತಂದ್ರು, ನಮ್ಮಲ್ಲಿ ಖಾಸಗಿ ಮಸೂದೆ ಅಂದ್ರೆ ಶುಕ್ರವಾರ ಮಧ್ಯಾಹ್ನ ಮಂಡನೆಯಾಗಿ ಅಲ್ಲೇ ಮುಗಿದು ಹೋಗೋದು ಜಾಸ್ತಿ, ಅಲ್ಲಿ ಅದು 2001ರಲ್ಲಿ ಕಾನೂನೇ ಆಯ್ತು. ಅದ್ರಿಂದ ಸಂಸತ್ತಿಗೆ ಸ್ವಂತ ಬಜೆಟ್ ಕಚೇರಿ ಬಂತು, ಅಂದ್ರೆ ಸರ್ಕಾರದ ಲೆಕ್ಕವನ್ನ ಸರ್ಕಾರದ ಹಂಗಿಲ್ಲದೆ ಬಿಡಿಸಿ ಎಂಪಿಗಳ ಮುಂದೆ ಇಡೋ ಅರ್ಥಶಾಸ್ತ್ರಜ್ಞರ ತಂಡ. ಆಮೇಲೆ ಕೀನ್ಯಾ 2007ರಲ್ಲಿ ಇಂಥ ಕಚೇರಿ ತೆರೀತು, ದಕ್ಷಿಣ ಆಫ್ರಿಕಾ 2009ರಲ್ಲಿ ಕಾನೂನು ಮಾಡಿ 2013ರಲ್ಲಿ ಕಚೇರಿ ಶುರು ಮಾಡ್ತು. ಈಗ ಆಫ್ರಿಕಾದ ಬಜೆಟ್ ಕಚೇರಿಗಳದ್ದೇ ಒಂದು ಜಾಲ ಇದೆ.

ಭಾರತದ ಸಂಸತ್ತಿಗೆ ಇವತ್ತಿಗೂ ಇಂಥ ಕಚೇರಿ ಇಲ್ಲ. ನಮ್ಮಲ್ಲಿ ಎಷ್ಟೋ ಇಲಾಖೆಗಳ ಖರ್ಚಿನ ಬೇಡಿಕೆ ಚರ್ಚೆಯೇ ಇಲ್ದೆ ಕೊನೇ ದಿನ ಗಿಲೊಟಿನ್ ಅನ್ನೋ ಪದ್ಧತಿಯಲ್ಲಿ ಒಟ್ಟಿಗೆ ಪಾಸಾಗುತ್ತೆ, ಲಕ್ಷಾಂತರ ಕೋಟಿ.

ಪೆಸಿಫಿಕ್ ದ್ವೀಪಗಳವರು ಮಾಡಿದ್ದು ಇನ್ನೂ ಚೆನ್ನಾಗಿದೆ. ಒಬ್ಬೊಬ್ಬರಿಗೂ ಬಜೆಟ್ ಕಚೇರಿ ಇಡೋ ಶಕ್ತಿ ಇಲ್ವಲ್ಲ, ಅದಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಯುಎನ್‌ಡಿಪಿ ನೆರವಲ್ಲಿ ತೇಲೋ ಬಜೆಟ್ ಕಚೇರಿ ಅಂತ ಮಾಡ್ಕೊಂಡ್ರು. ಯಾವ ದ್ವೀಪದಲ್ಲಿ ಬಜೆಟ್ ಇದ್ಯೋ ಅಲ್ಲಿಗೆ ಬೇರೆ ಸಂಸತ್ತುಗಳ ಸಂಶೋಧಕರು ಹೋಗಿ ಕೂತು, ಓದಿ, ಎಂಪಿಗಳಿಗೆ ಅರ್ಥ ಆಗೋ ಹಾಗೆ ಬರೆದು ಕೊಡ್ತಾರೆ. ನಮ್ಮ ಊರುಗಳಲ್ಲಿ ನಾಟಿ ಸಮಯದಲ್ಲಿ ಮುಯ್ಯಾಳು ಪದ್ಧತಿ ಇತ್ತಲ್ಲ, ಇವತ್ತು ನಿಮ್ಮ ಗದ್ದೆ ನಾಳೆ ನಮ್ಮ ಗದ್ದೆ, ಥೇಟ್ ಅದೇ.

ಭಾರತ ಏನು ಮಾಡ್ತಿದೆ?

ಜನಕ್ಕೆ ಗೊತ್ತಿಲ್ಲ ಆದ್ರೆ ಸಾಕಷ್ಟು ಮಾಡ್ತಿದೆ. ಲೋಕಸಭಾ ಸಚಿವಾಲಯದ ಅಡಿಯಲ್ಲಿ 1976ರಲ್ಲಿ ಶುರುವಾದ ತರಬೇತಿ ಸಂಸ್ಥೆ ಇದೆ, ಈಗ ಅದನ್ನ ಪ್ರೈಡ್ ಅಂತ ಕರೀತಾರೆ. ಬೇರೆ ದೇಶಗಳ ಸಂಸತ್ ಸಿಬ್ಬಂದಿ ಇಲ್ಲಿಗೆ ಬಂದು ಸದನದ ಕೆಲಸ ಕಲೀತಾರೆ, ಕಾನೂನು ಕರಡು ಬರೆಯೋದಕ್ಕೇ ಬೇರೆ ಕೋರ್ಸ್ ಇದೆ, ಖರ್ಚು ಬಹುಪಾಲು ಬೇರೆ ದೇಶದವರಿಗೆ ತರಬೇತಿ ಕೊಡೋಕೆ ಭಾರತ ಸರ್ಕಾರ 1964ರಿಂದ ನಡೆಸ್ತಿರೋ ಐಟೆಕ್ ಯೋಜನೆಯಿಂದ. ಬರೋರಲ್ಲಿ ಹೆಚ್ಚಿನವರು ಆಫ್ರಿಕಾ, ಏಷ್ಯಾ, ದ್ವೀಪ ದೇಶಗಳ ಅಧಿಕಾರಿಗಳು.

ಕರಡು ಬರೆಯೋ ಕಲೆ ಯಾಕಷ್ಟು ಮುಖ್ಯ ಅಂದ್ರೆ, ಕಾನೂನಲ್ಲಿ ಒಂದು "ಅಥವಾ" ಇರೋ ಕಡೆ "ಮತ್ತು" ಬಂದ್ರೆ ಸಾವಿರಾರು ಜನ ಪಿಂಚಣಿ ಕಳ್ಕೊಳ್ಬಹುದು. ಅಂಥ ಕೈ ಎಲ್ಲಾ ದೇಶದಲ್ಲೂ ಸಾಕಷ್ಟಿಲ್ಲ.

ಕಟ್ಟಡ ಕಟ್ಟಿಸಿಕೊಡೋದೂ ಸಹಕಾರವೇ ಅಲ್ವಾ?

ಸಹಕಾರವೇ. ಚೀನಾ ಜಿಂಬಾಬ್ವೆಗೆ ಹೊಸ ಸಂಸತ್ ಭವನ ಕಟ್ಟಿಸಿಕೊಟ್ಟಿದೆ, ಭಾರತ ಅಫ್ಘಾನಿಸ್ತಾನಕ್ಕೆ ಕಟ್ಟಿಸಿಕೊಡ್ತು, 2015ರ ಡಿಸೆಂಬರ್ 25ರಂದು ಕಾಬೂಲ್‌ನಲ್ಲಿ ಪ್ರಧಾನಿ ಮೋದಿ ಅದನ್ನ ಉದ್ಘಾಟಿಸಿದ್ರು, ಗುಮ್ಮಟ ಇರೋ ಚೆಂದದ ಕಟ್ಟಡ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಂತು. ಕಟ್ಟಡ ನಿಂತಿದೆ, ಸಂಸತ್ತು ಇಲ್ಲ. ಅಲ್ಲಿ ಕೂತಿದ್ದ ಮಹಿಳಾ ಸಂಸದರಲ್ಲಿ ಹೆಚ್ಚಿನವರು ದೇಶ ಬಿಟ್ಟು ಹೋಗ್ಬೇಕಾಯ್ತು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ.

ತಂತ್ರಜ್ಞಾನದ ಕಡೆ ಏನಾದ್ರೂ?

ಒಂದು ಮಾತ್ರ ಹೇಳ್ತೀನಿ, ನಂಗೆ ಬಹಳ ಇಷ್ಟವಾದದ್ದು. 2004ರ ಹೊತ್ತಿಗೆ ವಿಶ್ವಸಂಸ್ಥೆಯ ಒಂದು ಯೋಜನೆಯಲ್ಲಿ ಆಫ್ರಿಕಾದ ಸಂಸತ್ತುಗಳ ಬಿಲ್, ಕಾಯ್ದೆ, ಚರ್ಚೆ ಎಲ್ಲಾ ಕಂಪ್ಯೂಟರ್‌ಗೆ ಒಂದೇ ಥರ ಅರ್ಥ ಆಗೋ ಹಾಗೆ ಬರೆದಿಡೋ ಪದ್ಧತಿ ರೂಪಿಸಿದ್ರು. ಹೆಸರು ಅಕೋಮ ಎನ್ತೋಸೊ, ಪಶ್ಚಿಮ ಆಫ್ರಿಕಾದ ಅಕಾನ್ ಭಾಷೆಯಲ್ಲಿ ಬೆಸೆದ ಹೃದಯಗಳು ಅಂತ ಅರ್ಥ. 2018ರಲ್ಲಿ ಅದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಆಯ್ತು, ಇವತ್ತು ಯುರೋಪಿಯನ್ ಪಾರ್ಲಿಮೆಂಟ್ ಕೂಡ ಬಳಸುತ್ತೆ. ಕಲಿಯೋದು ಯಾವಾಗ್ಲೂ ಬಡವರೇ, ಕಲಿಸೋದು ಶ್ರೀಮಂತರೇ ಅನ್ನೋರು ಇದನ್ನ ನೋಡ್ಬೇಕು.

ಇದೆಲ್ಲ ಹೋಟೆಲ್‌ನಲ್ಲಿ ವರ್ಕ್‌ಶಾಪ್, ಫೋಟೋ, ಊಟ ಅಷ್ಟೇ ಅಲ್ವಾ?

ಸಿಟ್ಟು ಅರ್ಥ ಆಗುತ್ತೆ, ಮತ್ತೆ ಪೂರ್ತಿ ತಪ್ಪೂ ಅಲ್ಲ. ಎರಡು ದಿನ ಬಂದು ಸರ್ಟಿಫಿಕೇಟ್ ತಗೊಂಡು ಹೋದ ಎಂಪಿ ಮುಂದಿನ ಚುನಾವಣೆಲಿ ಸೋತ್ರೆ ಆ ದುಡ್ಡು ನೀರಲ್ಲಿ ಹೋಮ. ದುಡ್ಡು ಕೊಡೋ ದೇಶ ಯೋಜನೆ ಮುಗೀತು ಅಂತ ಕೈ ಎತ್ತಿದ್ರೆ ನೇಮಕ ಆಗಿದ್ದ ಸಂಶೋಧಕರೂ ಮನೆಗೆ. ಅದಕ್ಕೇ ಕೆಲಸ ಮಾಡಿರೋ ಮಾದರಿಗಳು ಬೇರೆ ಥರ ಇವೆ. ಸ್ಯಾಡೆಕ್ ಫೋರಂ ಸ್ವೀಡನ್ ನೆರವಲ್ಲಿ ಎಚ್‌ಐವಿ ಮತ್ತು ಹೆಣ್ಣುಮಕ್ಕಳ ಆರೋಗ್ಯದ ಯೋಜನೆ ಮಾಡಿದಾಗ ಸಂಶೋಧಕರನ್ನ ಆಯಾ ದೇಶದ ಸಂಸತ್ತಿನ ಒಳಗೇ ಕೂರಿಸ್ತು, ದಿನಾ ಸಮಿತಿ ಜೊತೆ ಕೆಲಸ. ಆಸ್ಟ್ರೇಲಿಯಾದ ರಾಜ್ಯ ಶಾಸನಸಭೆಗಳು ಪೆಸಿಫಿಕ್ ಸಂಸತ್ತುಗಳ ಜೊತೆ ಜೋಡಿ ಮಾಡ್ಕೊಂಡಿವೆ, ನ್ಯೂ ಸೌತ್ ವೇಲ್ಸ್ 2007ರಿಂದ ಸೊಲೊಮನ್ ದ್ವೀಪ ಮತ್ತೆ ಪಪುವಾ ನ್ಯೂಗಿನಿಯ ಸ್ವಾಯತ್ತ ಪ್ರದೇಶ ಬೂಗನ್‌ವಿಲ್ ಜೊತೆಗಿದೆ, ವರ್ಷಾನುಗಟ್ಟಲೆ ಅದೇ ಜೋಡಿ. ರಾಜ್ಯದ ಶಾಸನಸಭೆ ಒಂದು ದೇಶದ ಸಂಸತ್ತಿಗೆ ಜೊತೆಯಾಗೋದು! ನಮ್ಮ ವಿಧಾನಸೌಧದ ಸಚಿವಾಲಯಕ್ಕೂ ಇಂಥದ್ದು ಮಾಡೋವಷ್ಟು ಅನುಭವ ಇದೆ, ಯಾರಾದ್ರೂ ಮನಸ್ಸು ಮಾಡ್ಬೇಕು.

ದಕ್ಷಿಣ ಏಷ್ಯಾದಲ್ಲಿ ಇಂಥದ್ದು ಯಾಕಿಲ್ಲ?

ಇಲ್ಲ ಅಂತಲ್ಲ. ಸಾರ್ಕ್ ದೇಶಗಳ ಸ್ಪೀಕರ್‌ಗಳ ಸಂಘ 1992ರಲ್ಲೇ ಹುಟ್ಟಿತ್ತು. 2016ರಲ್ಲಿ ಢಾಕಾ, 2017ರಲ್ಲಿ ಇಂದೋರ್, 2018ರಲ್ಲಿ ಕೊಲಂಬೊ, 2019ರಲ್ಲಿ ಮಾಲೆ, ಹೀಗೆ ಸುಸ್ಥಿರ ಅಭಿವೃದ್ಧಿ ಗುರಿಗಳ ಬಗ್ಗೆ ಸ್ಪೀಕರ್‌ಗಳ ಶೃಂಗಸಭೆ ನಡೀತು. ಮಾಲೆಯಲ್ಲಿ ಭಾರತ ಪಾಕಿಸ್ತಾನದ ಪ್ರತಿನಿಧಿಗಳು ಕಾಶ್ಮೀರದ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದ್ರು, ಸುದ್ದಿಯಾಗಿದ್ದು ಅದೇ. ಸಾರ್ಕ್ ನಾಯಕರ ಶೃಂಗಸಭೆಯೇ 2014ರ ಕಠ್ಮಂಡು ನಂತರ ನಡೆದಿಲ್ಲ. ಡೆಂಗಿ, ಹೊಗೆ, ಗಲ್ಫ್‌ಗೆ ಹೋಗೋ ಕೂಲಿಗಳು, ಈ ಮೂರ ಮೇಲಾದ್ರೂ ನಮ್ಮ ಸಂಸತ್ ಸಮಿತಿಗಳು ಕೂತು ಮಾತಾಡ್ಬಾರ್ದಾ ಅಂತ ಅನ್ಸುತ್ತೆ.

ಐಪಿಯು, ಸಿಪಿಎ ಇವೆಲ್ಲ ಏನು?

ಐಪಿಯು ಅಂದ್ರೆ ಅಂತರ ಸಂಸದೀಯ ಒಕ್ಕೂಟ, 1889ರದ್ದು, ಜಿನೀವಾದಲ್ಲಿದೆ, 180ಕ್ಕೂ ಹೆಚ್ಚು ಸಂಸತ್ತುಗಳು ಸದಸ್ಯರು. ಅದನ್ನ ಕಟ್ಟಿದ ಫ್ರೆಡರಿಕ್ ಪಾಸ್ಸಿಗೆ 1901ರಲ್ಲಿ, ವಿಲಿಯಂ ಕ್ರೀಮರ್‌ಗೆ 1903ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ನಜ್ಮಾ ಹೆಪ್ತುಲ್ಲಾ 1999ರಲ್ಲಿ ಅದರ ಮೊದಲ ಮಹಿಳಾ ಅಧ್ಯಕ್ಷೆ ಆದ್ರು. ಸಿಪಿಎ ಕಾಮನ್‌ವೆಲ್ತ್ ದೇಶಗಳ ಶಾಸಕಾಂಗಗಳದ್ದು, 1911ರದ್ದು, ರಾಜ್ಯ ವಿಧಾನಸಭೆಗಳೂ ಅದ್ರಲ್ಲಿ ಇವೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ಭಾರತ ವಲಯದ ಸಮ್ಮೇಳನ ಬೆಂಗಳೂರಲ್ಲೇ ನಡೀತು.

ನಾನು ಸಾಮಾನ್ಯ ಮತದಾರ, ನಾನೇನು ಮಾಡ್ಲಿ?

ನಿಮ್ಮ ಎಂಪಿ ಯಾವ ಸ್ಥಾಯಿ ಸಮಿತಿಯಲ್ಲಿದ್ದಾರೆ ಅಂತ ಮೊದಲು ನೋಡಿ, ಲೋಕಸಭೆ, ರಾಜ್ಯಸಭೆ ವೆಬ್‌ಸೈಟಲ್ಲಿ ಸಿಗುತ್ತೆ. ಆ ಸಮಿತಿಯ ವರದಿ ಡೌನ್‌ಲೋಡ್ ಮಾಡಿ, ಕೊನೇಲಿ ಸಭೆಯ ನಡಾವಳಿ ಹಾಕಿರ್ತಾರೆ, ಯಾರ್ಯಾರು ಹಾಜರಿದ್ರು ಅಂತ ಹೆಸರು ಸಮೇತ ಇರುತ್ತೆ. ಮುಂದಿನ ಸಲ ಅವರು ನಿಮ್ಮೂರ ಜಾತ್ರೆಗೋ ಮದುವೆಗೋ ಬಂದಾಗ ರಸ್ತೆ, ಚರಂಡಿ ಕೇಳಿದ್ಮೇಲೆ ಅದನ್ನೂ ಒಂದ್ಸಲ ಕೇಳಿ, ಸರ್ ಆ ಸಮಿತಿ ಸಭೆಗೆ ಹೋಗಿದ್ರಾ, ಏನು ಕೇಳಿದ್ರಿ ಅಂತ.